ಕಡಲೂರಿನ ಮೂರು ದಿನಗಳು: ನೋಡತಕ್ಕದ್ದೇನು, ಖಾತೆಗೆ ಬರೆಯತಕ್ಕದ್ದೇನು?



ವರ್ಷವಿಡೀ ಅಡತಿ ಅಂಗಡಿ, ಗಿರಣಿ, ಗೋದಾಮುಗಳಲ್ಲಿ ದುಡಿಯುವವರು ಒಂದೆರಡು ದಿನ ಕುಟುಂಬ ಸಮೇತ ಸಮುದ್ರ ತೀರಕ್ಕೆ ಹೋಗಿಬರುವುದು ಸಹಜವೂ ಹೌದು, ಅವಶ್ಯವೂ ಹೌದು. ಆದರೆ ಹಿಂದಿರುಗಿದ ಮೇಲೆ ಆ ಪ್ರವಾಸದ ಬಿಲ್ಲುಗಳೆಲ್ಲ ಒಂದೇ ಕಟ್ಟಿನಲ್ಲಿ ಲೆಕ್ಕಪರಿಶೋಧಕರ ಮೇಜಿಗೆ ಬರುತ್ತವೆ. ಅದರ ಮೇಲೆ 'ವ್ಯಾಪಾರ ಪ್ರವಾಸ' ಎಂಬ ಚೀಟಿ ಇರುತ್ತದೆ. ಇದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಗೋಕರ್ಣದ ಉದಾಹರಣೆಯೊಂದಿಗೆ ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಒಂದು ಅನುಭವ

ಕೆಲವು ವರ್ಷಗಳ ಹಿಂದೆ ಭೀಮಾ ತೀರದ ಅಗರಖೇಡ ಭಾಗದ ಲಿಂಬೆ ವ್ಯಾಪಾರಿಯೊಬ್ಬರು ನನ್ನ ಕಕ್ಷಿದಾರರಾಗಿದ್ದರು. ಅವರು ಮನೆಮಂದಿಯೊಡನೆ ಗೋಕರ್ಣಕ್ಕೆ ಹೋಗಿ ಬಂದು, ವಸತಿ, ಗಾಡಿ, ಊಟ, ದೋಣಿ ಎಲ್ಲವನ್ನೂ 'ಮಾರುಕಟ್ಟೆ ಸಮೀಕ್ಷೆ ವೆಚ್ಚ' ಎಂದು ಬರೆಸಿದರು. ಮೊತ್ತ ದೊಡ್ಡದಲ್ಲವೆಂದು ನಾನೂ ಪ್ರಶ್ನಿಸಲಿಲ್ಲ. ಮುಂದೆ ಪರಿಶೀಲನೆಯಲ್ಲಿ ಅಧಿಕಾರಿಗಳು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಯಾರನ್ನು ಭೇಟಿಯಾದಿರಿ?" ಉತ್ತರ ಬರಲಿಲ್ಲ. ಪೂರ್ಣ ಮೊತ್ತ ತಿರಸ್ಕೃತವಾಯಿತು.

ಹೊರಗೆ ಬಂದ ಮೇಲೆ ಅವರು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: "ಸಾಹೇಬರ, ನಾ ಖರೇನ ಒಬ್ಬ ಹೋಟೆಲ್ಲಿನವರನ್ನ ಕಂಡಿದ್ದೆ ರೀ. ಆಮ್ಯಾಲ ಎರಡು ಚೀಲ ಲಿಂಬಿಕಾಯಿನೂ ಕಳಸೀನಿ. ಆದ್ರ ಎಲ್ಲೂ ಬರದ ಇಟ್ಟಿಲ್ಲ."

ಅಂದರೆ, ಸಲ್ಲದ ವೆಚ್ಚವನ್ನು ಸಲ್ಲುವುದೆಂದು ತೋರಿಸಲು ಹೋಗಿ, ನಿಜವಾಗಿ ಸಲ್ಲಬೇಕಾದ ಭಾಗವನ್ನೂ ಅವರು ಕಳೆದುಕೊಂಡರು. ಕೇಳಬೇಕಾದ ಪ್ರಶ್ನೆಯನ್ನು ಕಾಲಕ್ಕೆ ಸರಿಯಾಗಿ ಕೇಳದಿದ್ದ ತಪ್ಪು ನನ್ನದೂ ಇತ್ತು. ಅಂಥ ಪ್ರಸಂಗ ಸದಸ್ಯರಾರಿಗೂ ಬಾರದಿರಲೆಂಬುದೇ ಈ ಬರವಣಿಗೆಯ ಉದ್ದೇಶ.

ದಾರಿ ಮತ್ತು ಕಾಲ

ಸೊಲ್ಲಾಪುರದಿಂದ ಝಳಕಿ, ಹೊರ್ತಿ ಮಾರ್ಗವಾಗಿ ವಿಜಯಪುರಕ್ಕೆ ಬರುವ 52ನೆಯ ರಾಷ್ಟ್ರೀಯ ಹೆದ್ದಾರಿಯನ್ನು ನಾವು ದಿನವೂ ಕಾಣುತ್ತೇವೆ. ಇದೇ ಹೆದ್ದಾರಿ ಕೊಲ್ಹಾರದಲ್ಲಿ ಕೃಷ್ಣೆಯನ್ನು ದಾಟಿ, ಹುಬ್ಬಳ್ಳಿ, ಯಲ್ಲಾಪುರಗಳ ಮೂಲಕ ಅರಬೈಲ್ ಘಟ್ಟವಿಳಿದು ಅಂಕೋಲೆಯಲ್ಲಿ ಮುಕ್ತಾಯವಾಗುತ್ತದೆ. ನಮ್ಮ ಹೊಲದ ಬದಿಯ ರಸ್ತೆಯೇ ಕಡಲಿಗೆ ಕೊಂಡೊಯ್ಯುತ್ತದೆಂದರೆ ತಪ್ಪಾಗದು. ಅಂಕೋಲೆಯಿಂದ 66ನೆಯ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಸಾಗಿದರೆ ಕುಮಟಾ ತಾಲೂಕಿನ ಗೋಕರ್ಣ ಸಿಗುತ್ತದೆ. ಇಂಡಿಯಿಂದ ಒಟ್ಟು ದೂರ ಸುಮಾರು 400 ಕಿ.ಮೀ. ಕೊಂಕಣ ರೈಲು ಮಾರ್ಗದಲ್ಲಿ 'ಗೋಕರ್ಣ ರೋಡ್' ನಿಲ್ದಾಣವೂ ಇದೆ. ಆದರೆ ಅದು ಊರಿನಿಂದ ಕೆಲವು ಕಿ.ಮೀ. ಹೊರಗಿದೆ.

ಅಕ್ಟೋಬರ್‌ನಿಂದ ಫೆಬ್ರುವರಿವರೆಗಿನ ಅವಧಿ ಪ್ರಶಸ್ತ. ಮಳೆಗಾಲದಲ್ಲಿ ಕಡಲು ಪ್ರಕ್ಷುಬ್ಧವಾಗಿರುವುದರಿಂದ ದೋಣಿ ವಿಹಾರ ನಿಲ್ಲುತ್ತದೆ. ಘಟ್ಟ ಮತ್ತು ಕರಾವಳಿ ರಸ್ತೆಗಳಲ್ಲಿ ಗುಡ್ಡ ಕುಸಿತದ ಭಯವೂ ಉಂಟು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜೀವಹಾನಿಯಾದುದನ್ನು ಮರೆಯಬಾರದು.

ನೋಡತಕ್ಕ ಸ್ಥಳಗಳು

1. ದೇವಸ್ಥಾನಗಳು: ರಾವಣನು ಹೊತ್ತು ತಂದ ಆತ್ಮಲಿಂಗವನ್ನು ಬಾಲಕನ ವೇಷದ ಗಣಪತಿ ನೆಲಕ್ಕಿಟ್ಟ ಸ್ಥಳವೇ ಗೋಕರ್ಣವೆಂಬುದು ಐತಿಹ್ಯ. ಸಮುದ್ರಸ್ನಾನ ಮುಗಿಸಿ, ಮೊದಲು ಮಹಾಗಣಪತಿಯನ್ನು, ಬಳಿಕ ಮಹಾಬಲೇಶ್ವರನನ್ನು ದರ್ಶನ ಮಾಡುವುದು ರೂಢಿ. ವಸ್ತ್ರ ನಿಯಮವಿರುವುದರಿಂದ ಪುರುಷರು ಧೋತರ ಒಯ್ಯುವುದು ಒಳಿತು. ಸಮೀಪದಲ್ಲಿಯೇ ಕೋಟಿತೀರ್ಥವೆಂಬ ವಿಶಾಲ ಪುಷ್ಕರಣಿಯಿದೆ. ಮಹಾಶಿವರಾತ್ರಿಯ ರಥೋತ್ಸವದ ಕಾಲಕ್ಕೆ ಜನಸಂದಣಿ ವಿಪರೀತ. ವಸತಿಯನ್ನು ಮುಂಚಿತವಾಗಿ ಕಾದಿರಿಸಬೇಕು.

2. ಕಡಲತೀರಗಳು: ಊರಿನ ಮುಂದಿನ ಉದ್ದನೆಯ ತೀರ ಯಾತ್ರಿಕರದ್ದು. ಗುಡ್ಡ ದಾಟಿದರೆ ಕುಡ್ಲೆ, ಅದರಾಚೆ ಓಂಕಾರದ ಆಕಾರದ ಓಂ ಬೀಚ್, ಮುಂದೆ ಹಾಫ್ ಮೂನ್ ಮತ್ತು ಪ್ಯಾರಡೈಸ್ ಬೀಚ್‌ಗಳು. ಕೊನೆಯ ಎರಡಕ್ಕೆ ಕಾಲುದಾರಿಯಲ್ಲಿ ಅಥವಾ ದೋಣಿಯಲ್ಲಿ ಹೋಗಬೇಕು. ವಯಸ್ಸಾದವರಿದ್ದರೆ ಓಂ ಬೀಚ್‌ವರೆಗೆ ಸಾಕು. ಸೂರ್ಯಾಸ್ತದ ಹೊತ್ತಿಗೆ ಕುಡ್ಲೆಯಲ್ಲಿ ಕುಳಿತರೆ ವರ್ಷದ ದಣಿವು ಇಳಿಯುತ್ತದೆ.

3. ಸಾಣಿಕಟ್ಟಾ ಮತ್ತು ಅಘನಾಶಿನಿ: ಗೋಕರ್ಣದ ಸಮೀಪದ ಸಾಣಿಕಟ್ಟೆಯಲ್ಲಿ ಸಮುದ್ರದ ನೀರನ್ನು ಮಡಿಗಳಲ್ಲಿ ನಿಲ್ಲಿಸಿ, ಬಿಸಿಲಿನಿಂದ ಉಪ್ಪು ತೆಗೆಯುತ್ತಾರೆ. ಇಂಧನ ವೆಚ್ಚವಿಲ್ಲದ ಈ ಉತ್ಪಾದನೆಯನ್ನು ಉದ್ದಿಮೆದಾರರು ಬೇಸಿಗೆಯಲ್ಲಿ ಅವಶ್ಯ ನೋಡಬೇಕು. ಅಘನಾಶಿನಿಯ ಅಳಿವೆ ಪ್ರದೇಶ 2024ರ ಜನವರಿಯಲ್ಲಿ ಅಂತಾರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವೆಂದು ಘೋಷಿತವಾಯಿತು. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಇಲ್ಲಿಯ ವಿಶೇಷ. ಸವಳು ಭೂಮಿಯ ಸಂಕಟ ಬಲ್ಲ ನಮ್ಮ ಭಾಗದವರಿಗೆ ಇದು ಕುತೂಹಲದ ವಿಷಯ. ನದಿ ಕಡಲು ಸೇರುವಲ್ಲಿ ತದಡಿ ಮೀನುಗಾರಿಕಾ ಬಂದರಿದೆ.

4. ಮಿರ್ಜಾನ್ ಕೋಟೆ: ಕುಮಟೆಯ ಕಡೆಗಿರುವ ಈ ಕೋಟೆಗೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಅಂಟಿಕೊಂಡಿದೆ. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಘಟ್ಟದ ಮಾಲು ನದಿ ಹಾಗೂ ಬಂದರುಗಳ ಮೂಲಕ ಹೊರದೇಶಗಳಿಗೆ ಹೋಗುತ್ತಿದ್ದ ಇತಿಹಾಸ ವ್ಯಾಪಾರಿಗಳಿಗೆ ಪಾಠದಂತಿದೆ.

5. ಮುರುಡೇಶ್ವರ: ದಕ್ಷಿಣಕ್ಕೆ ಭಟ್ಕಳ ತಾಲೂಕಿನಲ್ಲಿದೆ. 123 ಅಡಿ ಎತ್ತರದ ಶಿವನ ವಿಗ್ರಹ, 20 ಅಂತಸ್ತಿನ 237 ಅಡಿಯ ರಾಜಗೋಪುರ ಇಲ್ಲಿಯ ಆಕರ್ಷಣೆ. ಗೋಪುರದ ಮೇಲಕ್ಕೆ ಲಿಫ್ಟ್ ಸೌಲಭ್ಯವಿದೆ. ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡಬಯಸುವ ತರುಣರು ಇಲ್ಲಿಂದಲೇ ಹೊರಡುತ್ತಾರೆ.

6. ಅಂಕೋಲಾ ಮತ್ತು ಕಾರವಾರ: 1930ರ ಏಪ್ರಿಲ್ 13ರಂದು ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದದ್ದು ಅಂಕೋಲೆಯಲ್ಲಿ. ತೆರಿಗೆಯ ವಿಷಯವಾಗಿ ಜನ ಎದ್ದುನಿಂತ ಆ ನೆಲವನ್ನು ಹಿಂದಿರುಗುವಾಗ ನೋಡಬಹುದು. ಸಮಯವಿದ್ದರೆ ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರ ಮತ್ತು ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯಕ್ಕೂ ಹೋಗಿಬರಬಹುದು.

ಒಂದು ಎಚ್ಚರಿಕೆ: ಬಾವಿ, ಕೆನಾಲುಗಳಲ್ಲಿ ಈಜಿದವರಿಗೂ ಕಡಲು ಬೇರೆಯೇ. ಹಿಂದಕ್ಕೆ ಸರಿಯುವ ಅಲೆಯ ಸೆಳೆತ ಬಲವಾದದ್ದು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಮುಳುಗಿ ಮೃತಪಟ್ಟರು. ಜೀವರಕ್ಷಕರಿಲ್ಲದ ಕಡೆ ಮೊಣಕಾಲಿಗಿಂತ ಆಳಕ್ಕೆ ಇಳಿಯಬಾರದು. ಮಕ್ಕಳ ಕೈ ಬಿಡಬಾರದು.

ಪ್ರವಾಸದಲ್ಲಿ ವ್ಯಾಪಾರ ಉಂಟೆ?

ಉಂಟು. ಕಡಲೂರಿನ ವಸತಿಗೃಹ, ಖಾನಾವಳಿ, ಪಾನೀಯದ ಅಂಗಡಿಗಳಿಗೆ ಲಿಂಬೆ ನಿತ್ಯದ ಅವಶ್ಯಕತೆ. 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಇಂಡಿ ಲಿಂಬೆಗೆ ಈಗ ಹೆಸರಿನ ಬಲವೂ ಇದೆ. ನಮ್ಮಲ್ಲಿ ಬೇಸಿಗೆಗೆ ಲಿಂಬೆಯ ಧಾರಣೆ ಏರುತ್ತದೆ, ಮಳೆಗಾಲ ಚಳಿಗಾಲಗಳಲ್ಲಿ ಇಳಿಯುತ್ತದೆ. ಕರಾವಳಿಗೆ ಪ್ರವಾಸಿಗರು ನೆರೆಯುವುದು ಚಳಿಗಾಲದಲ್ಲಿಯೇ. ಇಲ್ಲಿ ಧಾರಣೆ ಕುಸಿದಾಗ ಅಲ್ಲಿ ಬೇಡಿಕೆ ಇರುವುದು ಗಮನಾರ್ಹ. ಒಣದ್ರಾಕ್ಷಿ, ಲಿಂಬೆ ಉಪ್ಪಿನಕಾಯಿ, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿಗಳಿಗೂ ಅಲ್ಲಿ ಗಿರಾಕಿಗಳು ದೊರೆಯಬಹುದು. ಆದ್ದರಿಂದ ಮೂರು ದಿನಗಳಲ್ಲಿ ಒಂದು ದಿನವನ್ನು ವ್ಯಾಪಾರಕ್ಕೆ ಮೀಸಲಿಟ್ಟರೆ ಆ ದಿನದ ವೆಚ್ಚ ನ್ಯಾಯವಾಗಿಯೇ ಖಾತೆಗೆ ಸೇರುತ್ತದೆ. ಕಾನೂನು ನಿಷೇಧಿಸುವುದು ಪ್ರವಾಸವನ್ನಲ್ಲ, ಬೆರಕೆಯನ್ನು.

ಆದಾಯ ತೆರಿಗೆಯ ತತ್ವ

1961ರ ಆದಾಯ ತೆರಿಗೆ ಕಾಯ್ದೆಯ 37(1)ನೆಯ ಕಲಮಿನ ಪ್ರಕಾರ, ಬಂಡವಾಳದ್ದೂ ಅಲ್ಲದ, ವೈಯಕ್ತಿಕವೂ ಅಲ್ಲದ, ಸಂಪೂರ್ಣವಾಗಿ ಮತ್ತು ಕೇವಲ ವ್ಯಾಪಾರದ ಸಲುವಾಗಿ ಮಾಡಿದ ವೆಚ್ಚ ಮಾತ್ರ ಸಲ್ಲುತ್ತದೆ. 2026ರ ಏಪ್ರಿಲ್ 1ರಿಂದ ಜಾರಿಯ ದಿನಾಂಕ ಹೊಂದಿರುವ 2025ರ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ಈ ತತ್ವ ಬದಲಾಗಿಲ್ಲ. ಇದರೊಂದಿಗೆ ಎರಡು ಅಂಶಗಳನ್ನು ನೆನಪಿಡಬೇಕು.

ಮೊದಲನೆಯದು: ಒಬ್ಬ ವ್ಯಕ್ತಿಗೆ ಒಂದೇ ದಿನ ರೂ. 10,000ಕ್ಕಿಂತ ಹೆಚ್ಚು ನಗದು ಪಾವತಿಸಿದರೆ, ನಿಯಮದಲ್ಲಿ ಹೇಳಿದ ವಿನಾಯಿತಿಗಳ ಹೊರತು ಆ ವೆಚ್ಚ ಸಲ್ಲುವುದಿಲ್ಲ.

ಎರಡನೆಯದು: ಅಂದಾಜು ಲಾಭದ ಯೋಜನೆಯಡಿ, ಅಂದರೆ ವಹಿವಾಟಿನ ಶೇ. 8 ಅಥವಾ ಶೇ. 6ರಷ್ಟನ್ನು ಲಾಭವೆಂದು ಘೋಷಿಸುವವರಿಗೆ ಪ್ರತ್ಯೇಕವಾಗಿ ಯಾವ ಪ್ರವಾಸ ವೆಚ್ಚವನ್ನೂ ಕಳೆಯಲು ಬರುವುದಿಲ್ಲ. ಅಂಥವರು ಬಿಲ್ಲುಗಳನ್ನು ಹೊಂದಿಸಲು ಶ್ರಮಪಡುವುದು ವ್ಯರ್ಥ.

ಜಿ.ಎಸ್.ಟಿ.ಯ ವಿಚಾರ

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ರೂ. 7,500ರವರೆಗಿನ ಕೋಣೆಗೆ ಶೇ. 5 ಜಿ.ಎಸ್.ಟಿ. ಇದೆ. ಈ ದರದಲ್ಲಿ ಹೋಟೆಲಿನವರಿಗೆ ತಮ್ಮ ಖರೀದಿಯ ಮೇಲಿನ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಅದು ಅವರಿಗೆ ಸಂಬಂಧಿಸಿದ ನಿರ್ಬಂಧ. ವ್ಯಾಪಾರಕ್ಕಾಗಿ ತಂಗಿದ ನೋಂದಾಯಿತ ಗಿರಾಕಿಯು ತಾನು ಕೊಟ್ಟ ತೆರಿಗೆಯನ್ನು ಈ ಕೆಳಗಿನ ಶರತ್ತುಗಳಿಗೆ ಒಳಪಟ್ಟು ಜಮೆ ಪಡೆಯಬಹುದು.

(ಅ) ಬಿಲ್ಲಿನಲ್ಲಿ ತನ್ನ ಸಂಸ್ಥೆಯ ಹೆಸರು ಮತ್ತು ಜಿ.ಎಸ್.ಟಿ. ಸಂಖ್ಯೆ ಇರಬೇಕು.

(ಆ) ಕೋಣೆಯ ಬಾಡಿಗೆಗೆ 'ಪೂರೈಕೆಯ ಸ್ಥಳ' ಕಟ್ಟಡವಿರುವ ರಾಜ್ಯವೇ. ಗೋಕರ್ಣದಲ್ಲಿ ತಂಗಿದರೆ ತೆರಿಗೆ ಕೇಂದ್ರ ಹಾಗೂ ಕರ್ನಾಟಕಕ್ಕೆ ಸೇರುವುದರಿಂದ ಕರ್ನಾಟಕದ ವ್ಯಾಪಾರಿಗೆ ಜಮೆ ಸಿಗುತ್ತದೆ. ಅಲ್ಲಿಂದ ಗಡಿ ದಾಟಿ ಗೋವೆಯಲ್ಲಿ ತಂಗಿದರೆ ಆ ರಾಜ್ಯದ ತೆರಿಗೆಯ ಜಮೆ ಇಲ್ಲಿಯ ನೋಂದಣಿಗೆ ಸಿಗದು.

(ಇ) ಊಟೋಪಚಾರ ಮತ್ತು ಬಾಡಿಗೆ ಕಾರಿನ ಮೇಲಿನ ತೆರಿಗೆ ಸಾಮಾನ್ಯವಾಗಿ 17(5)ನೆಯ ಕಲಮಿನಡಿ ನಿರ್ಬಂಧಿತ. ನೌಕರರನ್ನು ರಜೆಯ ಪ್ರವಾಸಕ್ಕೆ ಕಳುಹಿಸಿದ ವೆಚ್ಚಕ್ಕೂ, ಸ್ವಂತ ಉಪಭೋಗಕ್ಕೂ ಇದೇ ನಿರ್ಬಂಧ ಅನ್ವಯಿಸುತ್ತದೆ.

(ಈ) ತಾಜಾ ಲಿಂಬೆಗೆ ಜಿ.ಎಸ್.ಟಿ. ಇಲ್ಲ. ಆದಕಾರಣ ಕೇವಲ ಲಿಂಬೆ ಮಾರುವವರಿಗೆ ಜಮೆಯ ಪ್ರಶ್ನೆಯೇ ಉದ್ಭವಿಸದು. ತೆರಿಗೆಯುಳ್ಳ ಸರಕು ಮಾರುವ ಉಪ್ಪಿನಕಾಯಿ ತಯಾರಕರಿಗೆ ಅದು ಸಿಗುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಸಿಗುವುದಿಲ್ಲ.

(ಉ) ಅಲ್ಲಿ ಪುಕ್ಕಟೆ ಮಾದರಿಯಾಗಿ ಹಂಚಿದ ಉಪ್ಪಿನಕಾಯಿ ಬಾಟಲಿಗಳ ಕಚ್ಚಾ ಸರಕಿನ ಮೇಲೆ ಪಡೆದ ಜಮೆಯನ್ನು ಹಿಂದಿರುಗಿಸಬೇಕು. ಅನೇಕರು ಇದನ್ನು ಮರೆಯುತ್ತಾರೆ.

ಲೆಕ್ಕದ ಉದಾಹರಣೆ

ತಿಳಿವಳಿಕೆಗಾಗಿ ಒಂದು ಕಾಲ್ಪನಿಕ ಲೆಕ್ಕ ನೋಡೋಣ. ವ್ಯಾಪಾರಿಯೊಬ್ಬರು ಕುಟುಂಬದೊಡನೆ ಗೋಕರ್ಣದಲ್ಲಿ ಮೂರು ರಾತ್ರಿ, ಎರಡು ಕೋಣೆಗಳಲ್ಲಿ ತಂಗಿದರು. ಒಂದು ದಿನ ಪೂರ್ತಿ ಗೋಕರ್ಣ ಮತ್ತು ಕುಮಟೆಗಳ ಹೋಟೆಲುಗಳಲ್ಲಿ ವ್ಯಾಪಾರದ ಮಾತುಕತೆ ನಡೆಸಿದರು. ಉಳಿದ ಎರಡು ದಿನ ದರ್ಶನ ಮತ್ತು ವಿಹಾರ.

ಕೋಣೆ ಬಾಡಿಗೆ: ದಿನಕ್ಕೆ ರೂ. 3,000ದಂತೆ ಎರಡು ಕೋಣೆ, ಮೂರು ರಾತ್ರಿ, ರೂ. 18,000, ಜಿ.ಎಸ್.ಟಿ. ರೂ. 900, ಒಟ್ಟು ರೂ. 18,900
ಬಾಡಿಗೆ ಕಾರು: ರೂ. 15,000
ಊಟೋಪಚಾರ: ರೂ. 9,000
ಪೂಜೆ, ದೋಣಿ, ಖರೀದಿ: ರೂ. 5,100
ಒಟ್ಟು ವೆಚ್ಚ: ರೂ. 48,000

ಇದರಲ್ಲಿ ವ್ಯಾಪಾರದ ಖಾತೆಗೆ ಎಷ್ಟು? ಅವರ ಸ್ವಂತ ಕೋಣೆಯ ಒಂದು ದಿನದ ಬಾಡಿಗೆ ತೆರಿಗೆ ಸಹಿತ ರೂ. 3,150, ಕಾರಿನ ಮೂರನೆಯ ಒಂದು ಭಾಗ ರೂ. 5,000, ಆ ದಿನದ ಸ್ವಂತ ಊಟ ರೂ. 600, ಒಟ್ಟು ರೂ. 8,750. ಇವರು ಲಿಂಬೆ ವ್ಯಾಪಾರಿಯಾಗಿದ್ದರೆ ಇಷ್ಟನ್ನೂ ವೆಚ್ಚವೆಂದು ಬರೆಯಬಹುದು. ಉಪ್ಪಿನಕಾಯಿ ತಯಾರಕರಾಗಿದ್ದರೆ ರೂ. 8,600 ವೆಚ್ಚ, ರೂ. 150 ತೆರಿಗೆ ಜಮೆ. ಉಳಿದ ರೂ. 39,250 ಮಾಲೀಕರ ಸ್ವಂತ ಉಪಯೋಗದ ಖಾತೆಗೆ ಖರ್ಚು ಬೀಳಬೇಕು. ಕಾರಿನ ವೆಚ್ಚವನ್ನು ದಿನಗಳ ಪ್ರಮಾಣದಲ್ಲಿ ಹಂಚುವುದು ನನ್ನ ಎಚ್ಚರಿಕೆಯ ಸಲಹೆ. ಅದು ಕಾಯ್ದೆಯಲ್ಲಿ ಬರೆದ ಸೂತ್ರವಲ್ಲ. ಪ್ರವಾಸದ ಮೂಲ ಉದ್ದೇಶವೇ ವಿಹಾರವೆಂದು ಕಂಡುಬಂದರೆ ಅಧಿಕಾರಿಗಳು ಅದನ್ನೂ ಪ್ರಶ್ನಿಸಬಹುದು.

ಈಗ, ಆ ರೂ. 39,250ನ್ನೂ ವ್ಯಾಪಾರದ ವೆಚ್ಚವೆಂದು ತೋರಿಸಿದರೆ ಲಾಭವೇನು? ಶೇ. 20ರ ಹಂತದಲ್ಲಿರುವವರಿಗೆ, ಉಪಕರ ಬಿಟ್ಟು, ರೂ. 7,850 ತೆರಿಗೆ ಉಳಿದಂತೆ ಕಾಣುತ್ತದೆ. ಸಿಕ್ಕಿಬಿದ್ದರೆ ಆ ತೆರಿಗೆಯನ್ನು ಕೊಡಲೇಬೇಕು. 1961ರ ಕಾಯ್ದೆಯ 270ಎ ಕಲಮಿನಡಿ ತಪ್ಪು ವರದಿಯೆಂದು ತೀರ್ಮಾನವಾದರೆ ಅದರ ಶೇ. 200ರಷ್ಟು, ಅಂದರೆ ರೂ. 15,700 ದಂಡ ಬೀಳಬಹುದು. ಒಟ್ಟು ರೂ. 23,550, ಬಡ್ಡಿ ಬೇರೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಒಂದು ಸುಳ್ಳು ವೋಚರು ಕಂಡ ಅಧಿಕಾರಿಯು ಉಳಿದ ಪ್ರಾಮಾಣಿಕ ವೋಚರುಗಳನ್ನೂ ಸಂಶಯದಿಂದ ನೋಡತೊಡಗುವುದು.

ಕಂಪನಿಯವರು ಕೊಡಿಸುವ ಪ್ರವಾಸ

ಗೊಬ್ಬರ, ಸಿಮೆಂಟು, ಬಣ್ಣ, ಕೀಟನಾಶಕಗಳ ವಿಕ್ರೇತರಿಗೆ ಗುರಿ ಮುಟ್ಟಿದ್ದಕ್ಕಾಗಿ ಗೋವಾ, ಥೈಲ್ಯಾಂಡ್‌ಗಳ ಪ್ರವಾಸ ದೊರೆಯುವುದುಂಟು. 'ಪುಕ್ಕಟೆ ಬಂದದ್ದು, ನಮಗೇನು ತೆರಿಗೆ' ಎಂಬ ಭಾವನೆ ತಪ್ಪು. ವ್ಯಾಪಾರದಿಂದ ದೊರೆತ ಸೌಲಭ್ಯದ ಮೌಲ್ಯವೂ ಆದಾಯವೇ. 2022ರ ಜುಲೈ 1ರಿಂದ ಜಾರಿಗೆ ಬಂದ 194ಆರ್ ಕಲಮಿನ ಪ್ರಕಾರ, ವರ್ಷಕ್ಕೆ ರೂ. 20,000 ಮೀರಿದ ಇಂಥ ಸೌಲಭ್ಯದ ಮೇಲೆ ಕೊಡುವವರು ಶೇ. 10 ತೆರಿಗೆ ಮುರಿದು ಕಟ್ಟಬೇಕಾಯಿತು. ಆ ವಿವರ ನಿಮ್ಮ ಪ್ಯಾನ್ ಸಂಖ್ಯೆಯಡಿ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಕಾಣಿಸುತ್ತದೆ. ಅದನ್ನು ಆದಾಯದಲ್ಲಿ ತೋರಿಸದಿದ್ದರೆ ನೋಟೀಸು ಬರುವ ಸಂಭವ ಹೆಚ್ಚು. ಸರಕಿನ ಬಗ್ಗೆ ತಿಳಿವಳಿಕೆ ನೀಡುವುದೇ ಮುಖ್ಯ ಉದ್ದೇಶವಾದ ವಿಕ್ರೇತರ ಸಮ್ಮೇಳನಕ್ಕೆ ವಿನಾಯಿತಿಯಿದೆ. ಆದರೆ ವಿಹಾರದ ಭಾಗಕ್ಕೂ, ಜೊತೆಗೆ ಬಂದ ಕುಟುಂಬದವರ ವೆಚ್ಚಕ್ಕೂ ಆ ವಿನಾಯಿತಿ ಇಲ್ಲ.

ಇಟ್ಟುಕೊಳ್ಳಬೇಕಾದ ದಾಖಲೆಗಳು

1. ಹೊರಡುವ ಮುನ್ನ ಭೇಟಿಗಾಗಿ ಕಳುಹಿಸಿದ ಪತ್ರ ಅಥವಾ ವಾಟ್ಸಾಪ್ ಸಂದೇಶ.
2. ಭೇಟಿಯಾದವರ ಹೆಸರು, ಸ್ಥಳ, ದಿನಾಂಕ, ಮಾತುಕತೆಯ ಸಾರಾಂಶ ಬರೆದ ಡೈರಿಯ ಒಂದು ಪುಟ.
3. ವ್ಯಾಪಾರದ ದಿನದ ಕೋಣೆಗೆ ಸಂಸ್ಥೆಯ ಹೆಸರಿನಲ್ಲಿ ಪ್ರತ್ಯೇಕ ಬಿಲ್ಲು. ಕುಟುಂಬದ್ದಕ್ಕೆ ಬೇರೆ ಬಿಲ್ಲು.
4. ವ್ಯಾಪಾರದ ವೆಚ್ಚಕ್ಕೆ ಸಂಸ್ಥೆಯ ಬ್ಯಾಂಕ್ ಖಾತೆಯಿಂದ, ಸ್ವಂತದ್ದಕ್ಕೆ ಉಳಿತಾಯ ಖಾತೆಯಿಂದ ಪಾವತಿ.
5. ಕೊಟ್ಟ ಮಾದರಿಗಳ ಯಾದಿ, ಮುಂದೆ ಬಂದ ಬೇಡಿಕೆ ಪತ್ರ. ಬೇಡಿಕೆ ಬಾರದಿದ್ದರೂ ಪ್ರಯತ್ನದ ವೆಚ್ಚ ಸಲ್ಲುತ್ತದೆ. ಪ್ರಯತ್ನ ನಡೆದಿತ್ತೆಂಬುದಕ್ಕೆ ಬರಹ ಬೇಕು.

ಉಪಸಂಹಾರ

ಮೇಲೆ ಹೇಳಿದ ನನ್ನ ಕಕ್ಷಿದಾರರು ಆ ಪ್ರಸಂಗದ ನಂತರವೂ ಗೋಕರ್ಣಕ್ಕೆ ಹೋಗಿಬಂದಿದ್ದಾರೆ. ಈಗ ಅವರ ಜೇಬಿನಲ್ಲಿ ಒಂದು ಸಣ್ಣ ವಹಿ ಇರುತ್ತದೆ. ನನಗೆ ತಲುಪಿಸುವ ಬಿಲ್ಲುಗಳು ಎರಡು ಲಕೋಟೆಗಳಲ್ಲಿ ಬರುತ್ತವೆ; ಒಂದರ ಮೇಲೆ 'ಅಂಗಡಿ', ಇನ್ನೊಂದರ ಮೇಲೆ 'ಮನಿ' ಎಂದು ಅವರೇ ಬರೆದಿರುತ್ತಾರೆ. ಅಂಗಡಿಯ ಲಕೋಟೆ ತೆಳ್ಳಗಿರುತ್ತದೆ, ಆದರೆ ಅದರೊಳಗಿನ ಯಾವ ಚೀಟಿಯ ಬಗ್ಗೆಯೂ ಉತ್ತರ ಹೇಳಲು ಅವರು ತಡವರಿಸುವುದಿಲ್ಲ. ನಾನೂ ಈಗ ಸಹಿ ಹಾಕುವ ಮೊದಲು "ಯಾರನ್ನು ಭೇಟಿಯಾದಿರಿ?" ಎಂದು ಕೇಳುತ್ತೇನೆ.

ಕುಟುಂಬದೊಡನೆ ಕಡಲು ನೋಡುವ ಸಂತೋಷಕ್ಕೆ ನಮ್ಮ ದುಡಿಮೆಯ ಹಣವನ್ನು ನಮ್ಮ ಖಾತೆಯಿಂದಲೇ ಖರ್ಚು ಮಾಡುವುದರಲ್ಲಿ ಸಂಕೋಚವೇಕೆ? ಸದಸ್ಯರು ಈ ಚಳಿಗಾಲದಲ್ಲಿ ಅವಶ್ಯ ಹೋಗಿಬರಲಿ, ಎರಡು ಲಕೋಟೆಗಳನ್ನು ಮರೆಯದೆ ಜೊತೆಗೆ ಒಯ್ಯಲಿ. ತಮ್ಮ ತಮ್ಮ ವಿಶಿಷ್ಟ ಸಂದರ್ಭಕ್ಕೆ ಅನುಗುಣವಾಗಿ ತಮ್ಮ ಲೆಕ್ಕಪರಿಶೋಧಕರ ಸಲಹೆ ಪಡೆಯಬೇಕೆಂದು ವಿನಂತಿ.